ಮಗುವಿನ ಕಣ್ಣಳತೆಯ ಗೋಡೆ

ಮಕ್ಕಳು ಓಡಾಡುವ ಜಾಗದ ಗೋಡೆಗೆ ಚಿತ್ರ ಬರೆಯುವುದು ಅಲಂಕಾರವೂ ಹೌದು, ಪಾಠವೂ ಹೌದು. ಸರ್ಕಾರಿ ಶಾಲೆಯ ಜಗಲಿ, ಅಂಗನವಾಡಿಯ ಒಳಕೋಣೆ, ಖಾಸಗಿ ನರ್ಸರಿಯ ಕಾಂಪೌಂಡು, ಹೊಸದಾಗಿ ಕಟ್ಟಿದ ಮನೆಯಲ್ಲಿ ಮಗುವಿಗೆಂದು ಬಿಟ್ಟ ಕೋಣೆ, ಹೀಗೆ ಈ ಕೆಲಸ ನಡೆಯುವ ಜಾಗಗಳು ಹಲವು. ಕಾಗದದ ಚಿತ್ರ ಹಿಡಿಸದಿದ್ದರೆ ಪುಟ ತಿರುಗಿಸಬಹುದು. ಗೋಡೆಯ ಚಿತ್ರದ ಮುಂದೆ ಮಗು ವರ್ಷಗಟ್ಟಲೆ ಕೂರುತ್ತದೆ, ಒರಗುತ್ತದೆ, ಊಟ ಮಾಡುತ್ತದೆ, ಜಗಳವಾಡುತ್ತದೆ. ಆ ಗೋಡೆಯ ಮೇಲೆ ಏನಿರಬೇಕು, ಎಷ್ಟು ಎತ್ತರದಲ್ಲಿರಬೇಕು, ಯಾವ ಬಣ್ಣದಲ್ಲಿರಬೇಕು ಎಂಬ ಪ್ರಶ್ನೆಗಳಿಗೆ ಅದಕ್ಕಾಗಿಯೇ ತೂಕವಿದೆ.

ಈ ಪ್ರಶ್ನೆಗಳನ್ನು ಹಿಡಿದು ಹೊರಟವರಿಗೆ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ದಾರಿ ಒಳ್ಳೆಯ ದಾರಿ. ಮೂರೂ ಚಿಕ್ಕಮಗಳೂರು ಜಿಲ್ಲೆಗೆ ಸೇರಿದವು. 1947ರವರೆಗೆ ಇಡೀ ಜಿಲ್ಲೆಗೇ ಕಡೂರು ಜಿಲ್ಲೆ ಎಂಬ ಹೆಸರಿತ್ತು. ಕಾಫಿಯ ಹಸಿರಿಗೆ ಹೆಸರಾದ ಜಿಲ್ಲೆಯಲ್ಲಿ ಈ ಸೀಮೆಯದು ಬೇರೆಯೇ ಬಗೆ. ಕಡೂರು ತೆಂಗು, ರಾಗಿ, ಈರುಳ್ಳಿಯ ಬಯಲುಸೀಮೆ. ತರೀಕೆರೆಯ ಪಡುವಣಕ್ಕೆ ಕೆಮ್ಮಣ್ಣುಗುಂಡಿಯ ಬೆಟ್ಟಸಾಲು, ಲಕ್ಕವಳ್ಳಿಯ ಭದ್ರಾ ಅಣೆಕಟ್ಟು, ಅಲ್ಲಿಂದಾಚೆ ಮಲೆನಾಡು. ಅಜ್ಜಂಪುರ ಮತ್ತೆ ಬಯಲಿಗೆ ತೆರೆದುಕೊಳ್ಳುವ ಹುಲ್ಲುಗಾವಲಿನ ನಾಡು. ಬಸ್ಸಿನಲ್ಲಿ ಒಂದೇ ದಿನದಲ್ಲಿ ಸುತ್ತಿಬರಬಹುದಾದ ಇಷ್ಟು ಅಂತರದಲ್ಲಿ ಮಳೆ ಬದಲಾಗುತ್ತದೆ, ಮಣ್ಣು ಬದಲಾಗುತ್ತದೆ, ಮಗು ಬೆಳಗ್ಗೆ ಎದ್ದು ನೋಡುವ ಪ್ರಾಣಿ ಪಕ್ಷಿಗಳು ಬದಲಾಗುತ್ತವೆ. ಬದಲಾಗದೆ ಉಳಿದಿರುವುದು ಹೆಚ್ಚಾಗಿ ಶಾಲೆಯ ಗೋಡೆಯ ಚಿತ್ರಗಳೇ.

ಗೋಡೆಗೆ ಬಣ್ಣ ಹಚ್ಚುವ ರೂಢಿ ಈ ಸೀಮೆಗೆ ಶಾಲೆಯಿಂದ ಬಂದದ್ದಲ್ಲ. ಹಬ್ಬದ ಮುಂಚೆ ಮಣ್ಣಿನ ಗೋಡೆಗೆ ಸುಣ್ಣ ಬಳಿದು, ಬುಡಕ್ಕೆ ಜಾಜಿನ ಕೆಂಪು ಪಟ್ಟಿ ಎಳೆಯುವುದು, ದೇವಸ್ಥಾನದ ಪೌಳಿಗೆ ಕೆಂಪು ಬಿಳಿ ಪಟ್ಟೆ ಹೊಡೆಯುವುದು ಹಳೆಯ ಸಂಪ್ರದಾಯ. ತರೀಕೆರೆಯಿಂದ ಶಿವಮೊಗ್ಗ ದಾಟಿ ಸಾಗರ, ಸೊರಬದ ಕಡೆ ಹೋದರೆ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರ ಸಿಗುತ್ತದೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ; ಕುಂಚಕ್ಕೆ ಪುಂಡಿ ನಾರು. ಮದುವೆಯ ಮನೆಯಲ್ಲಿ ಬರೆಯುವ ಆ ಚಿತ್ತಾರ ಮಕ್ಕಳಿಗೆಂದೇ ಬರೆದದ್ದಲ್ಲ. ಆದರೂ ಅಜ್ಜಿ, ಅವ್ವ ಬರೆಯುವಾಗ ಪಕ್ಕದಲ್ಲಿ ಕುಳಿತ ಹುಡುಗಿ ಎಳೆ ಹಿಡಿಯುವುದನ್ನು ಕಲಿಯುತ್ತಿದ್ದಳು. ಗೋಡೆಯ ಚಿತ್ರ ತನ್ನಿಂದ ತಾನೇ ಪಾಠವಾಗುತ್ತಿದ್ದ ಬಗೆ ಅದು.

ಶಾಲೆಯ ಗೋಡೆ ಬಹುಕಾಲ ಬರೀ ಬಿಳಿಯಾಗಿತ್ತು. ಒಂದು ಕರಿಹಲಗೆ, ಬಾಗಿಲ ಮೇಲೊಂದು ನುಡಿಮುತ್ತು, ಅನುಕೂಲವಿದ್ದ ಕಡೆ ಒಂದು ಭೂಪಟ, ಅಷ್ಟೇ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ತಿ. ನರಸೀಪುರ. ಅಲ್ಲಿಂದ ಊರೂರಿಗೆ ಬಂದ ಅಂಗನವಾಡಿಗಳಲ್ಲಿ, ಅಕ್ಷರ ಬಾರದ ಮೂರರಿಂದ ಆರು ವರ್ಷದ ಮಕ್ಕಳಿಗೆ ಚಿತ್ರವೇ ಪುಸ್ತಕವಾಯಿತು. 1987ರ ಕಪ್ಪುಹಲಗೆ ಕಾರ್ಯಾಚರಣೆ ಎಂಬ ಯೋಜನೆ ಪ್ರಾಥಮಿಕ ಶಾಲೆಗಳಿಗೆ ಕೊಠಡಿ, ಹಲಗೆ, ಪಾಠೋಪಕರಣ ಕೊಡುವ ಮಾತನ್ನು ಮುಂದಕ್ಕೆ ತಂದಿತು. ಗೋಡೆಯ ಕುರಿತೇ ಬೇರೆ ಯೋಚನೆ ಬಂದದ್ದು ಆಮೇಲೆ. ದೆಹಲಿಯ ವಾಸ್ತುಶಿಲ್ಪಿ ಕಬೀರ್ ವಾಜಪೇಯಿ ಮತ್ತು ಅವರ ವಿನ್ಯಾಸ್ ಸಂಸ್ಥೆ ಯುನಿಸೆಫ್ ನೆರವಿನಿಂದ ರೂಪಿಸಿದ ಯೋಜನೆ ಇಡೀ ಶಾಲಾ ಕಟ್ಟಡವನ್ನೇ ಪಾಠೋಪಕರಣ ಎಂದು ನೋಡಿತು. ಬಾಗಿಲು ತೆರೆಯುವ ಕಡೆ ನೆಲದ ಮೇಲೆ ಕೋನಗಳನ್ನು ಗುರುತಿಸುವುದು, ಕಿಟಕಿಯ ಸರಳುಗಳಲ್ಲಿ ಅಕ್ಷರದ ತಿರುವುಗಳನ್ನು ತರುವುದು, ಕಂಬದ ಮೇಲೆ ಎತ್ತರದ ಅಳತೆ ಬರೆಯುವುದು, ಮೆಟ್ಟಿಲಿನ ಮೇಲೆ ಎಣಿಕೆ ಹಾಕುವುದು ಇವೆಲ್ಲ ಅಲ್ಲಿಂದ ಹಬ್ಬಿದ ಪಾಠಗಳು. ಇಂದು ಕರ್ನಾಟಕದ ಸಣ್ಣ ಹಳ್ಳಿಯ ಶಾಲೆಯಲ್ಲೂ ಮೆಟ್ಟಿಲ ಮೇಲೆ ಒಂದು, ಎರಡು, ಮೂರು ಕಂಡರೆ ಅದರ ಹಿಂದೆ ಈ ಯೋಚನೆ ಇದೆ.

ಕಡೂರಿನ ಕಡೆ ಗೋಡೆಯ ಶತ್ರು ಬಿಸಿಲು. ವೇದಾವತಿ ಹರಿದರೂ ಇದು ಮಳೆ ನೆರಳಿನ ಪ್ರದೇಶ. ಶಾಲೆಯ ಹೊರಗೋಡೆಗೆ ತೆಂಗಿನ ನೆರಳಾದರೂ ಇಲ್ಲದಿದ್ದರೆ ದಕ್ಷಿಣಕ್ಕೂ ಪಶ್ಚಿಮಕ್ಕೂ ಮುಖ ಮಾಡಿದ ಚಿತ್ರ ಕೆಲವೇ ಬೇಸಿಗೆಗಳಲ್ಲಿ ಮಂಕಾಗುತ್ತದೆ. ಮೊದಲು ಹೋಗುವುದು ಗುಲಾಬಿ, ನೇರಳೆ, ನಿಂಬೆ ಹಳದಿಯಂಥ ಕಣ್ಣು ಕುಕ್ಕುವ ಬಣ್ಣಗಳು. ಕಬ್ಬಿಣದ ಅಂಶವಿರುವ ಮಣ್ಣಿನ ಬಣ್ಣಗಳು, ಅಂದರೆ ಕಾವಿಯ ಕೆಂಪು, ಮಣ್ಣು ಹಳದಿ, ಕಂದು ಇವು ಬಿಸಿಲಿಗೆ ಜಗ್ಗುವುದಿಲ್ಲ. ಜಾಜು ಬಳಿದ ಹಳೆಯ ಗೋಡೆ ವರ್ಷಗಳ ನಂತರವೂ ಕೆಂಪಾಗಿಯೇ ಉಳಿಯುವುದಕ್ಕೆ ಕಾರಣ ಅದು. ಬಯಲುಸೀಮೆಯ ಶಾಲೆಗೆ ಬಣ್ಣ ಕೊಳ್ಳುವವರು ಅಂಗಡಿಯ ಬಣ್ಣದ ಪಟ್ಟಿಯಲ್ಲಿ ಮಿಂಚುವುದನ್ನು ಬಿಟ್ಟು ಈ ಮಣ್ಣಿನ ಬಣ್ಣಗಳನ್ನು ಹೊರಗೋಡೆಗೆ ಹಿಡಿದರೆ ಹಣವೂ ಉಳಿಯುತ್ತದೆ, ಚಿತ್ರವೂ ಉಳಿಯುತ್ತದೆ. ಮಿಂಚುವ ಬಣ್ಣಗಳಿಗೆ ಒಳಗೋಡೆ ಇದ್ದೇ ಇದೆ.

ಈ ಭಾಗದ ಶಾಲೆಗಳಲ್ಲಿ ಕಾಣುವ ಚಿತ್ರಗಳನ್ನು ರಾಜ್ಯದ ಬೇರೆಡೆಯ ಶಾಲೆಗಳಲ್ಲೂ ಕಾಣಬಹುದು. ರಾಷ್ಟ್ರಧ್ವಜ, ಭಾರತದ ನಕ್ಷೆ, ಕರ್ನಾಟಕದ ನಕ್ಷೆ, ಗಾಂಧಿ, ಅಂಬೇಡ್ಕರ್, ಸೌರಮಂಡಲ, ಕೈ ತೊಳೆಯುವ ವಿಧಾನ, ಬಿಸಿಯೂಟದ ವಾರದ ಪಟ್ಟಿ. ಕನ್ನಡ ಶಾಲೆಗೇ ವಿಶಿಷ್ಟವಾದದ್ದು ಎಂಟು ಮುಖಗಳ ಸಾಲು. 1967ರ ಕುವೆಂಪು ಅವರಿಂದ 2010ನೇ ಸಾಲಿನ ಚಂದ್ರಶೇಖರ ಕಂಬಾರರವರೆಗೆ ಜ್ಞಾನಪೀಠ ಪಡೆದ ಎಂಟು ಕನ್ನಡ ಲೇಖಕರನ್ನು ಇಷ್ಟು ಪ್ರೀತಿಯಿಂದ ಗೋಡೆಗೆ ಏರಿಸಿದ ನಾಡು ಇನ್ನೊಂದಿರಲಾರದು. ಆ ಪ್ರೀತಿ ದೊಡ್ಡದು. ಆದರೆ ಕಡೂರು ತಾಲ್ಲೂಕಿನ ದೇವನೂರು ಜೈಮಿನಿ ಭಾರತದ ಕವಿ ಲಕ್ಷ್ಮೀಶನ ಊರು. ಕನ್ನಡ ಸಣ್ಣಕಥೆಯ ಮೊದಲ ತಲೆಮಾರಿನ ದೊಡ್ಡ ಹೆಸರುಗಳಲ್ಲಿ ಒಬ್ಬರಾದ ಆನಂದರು ಅಜ್ಜಂಪುರ ಸೀತಾರಾಂ ಎಂದು ಊರನ್ನು ಹೆಸರಿನಲ್ಲೇ ಹೊತ್ತವರು. ಎಂಟು ಮುಖಗಳ ಪಕ್ಕದಲ್ಲಿ ಈ ಇಬ್ಬರಿಗೂ ಜಾಗವಿದ್ದರೆ ಸಾಹಿತ್ಯ ತನ್ನ ಊರಿನ ಬೀದಿಯಿಂದಲೂ ಹೊರಡುತ್ತದೆ ಎಂದು ಮಗುವಿಗೆ ಗೊತ್ತಾಗುತ್ತದೆ. ಇಡೀ ಸಾಲಿನಲ್ಲಿ ಒಂದೂ ಹೆಣ್ಣಿನ ಮುಖವಿಲ್ಲ ಎಂಬುದನ್ನೂ ಶಾಲೆಯವರು ಗಮನಿಸಬೇಕು. ಅಕ್ಕಮಹಾದೇವಿ, ತ್ರಿವೇಣಿ, ಗಂಗೂಬಾಯಿ ಹಾನಗಲ್ ಇವರ ಮುಖಗಳು ಅದೇ ಗೋಡೆಗೆ ಸೇರಿದರೆ ತರಗತಿಯ ಅರ್ಧ ಮಕ್ಕಳಿಗೆ ಅದು ಬೇರೆಯೇ ಸಂಗತಿಯಾಗುತ್ತದೆ.

ಪ್ರಾಣಿಗಳ ಚಿತ್ರದಲ್ಲಿ, ಊರಿನದೇ ಕಾಣದ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ಅಂಗನವಾಡಿಯ ಗೋಡೆಯಲ್ಲಿ ಜಿರಾಫೆ ಇರುತ್ತದೆ, ಜೀಬ್ರಾ ಇರುತ್ತದೆ, ಹಿಮಕರಡಿಯೂ ಇರುತ್ತದೆ. ಕಡೂರು ತಾಲ್ಲೂಕಿನಲ್ಲೇ ಬಾಸೂರು ಅಮೃತಮಹಲ್ ಕಾವಲು ಎಂಬ ಹುಲ್ಲುಗಾವಲು ಇದೆ. ಅದು ಸರ್ಕಾರ ಘೋಷಿಸಿದ ಸಂರಕ್ಷಣಾ ಮೀಸಲು ಪ್ರದೇಶ. ಅಲ್ಲಿ ಕೃಷ್ಣಮೃಗಗಳಿವೆ, ತೋಳಗಳಿವೆ. ಕೃಷ್ಣಮೃಗದ್ದು ಸುರುಳಿ ಸುತ್ತಿದ ಕೊಂಬು, ಬೆನ್ನು ಕಪ್ಪು, ಹೊಟ್ಟೆ ಬಿಳಿ, ಕಣ್ಣಿನ ಸುತ್ತ ಬಿಳಿಯ ಉಂಗುರ. ಚಿತ್ರಗಾರನಿಗೆ ಇದಕ್ಕಿಂತ ಒಳ್ಳೆಯ ಪ್ರಾಣಿ ಬೇಕೇ? ಎರಡೇ ಬಣ್ಣದಲ್ಲಿ, ಒಂದು ಒಳ್ಳೆಯ ಗೆರೆಯಲ್ಲಿ ಗೋಡೆಯ ಉದ್ದಕ್ಕೂ ಹಾರಿಸಬಹುದು. ಎಮ್ಮೆದೊಡ್ಡಿಯ ಬಳಿಯ ಮದಗದ ಕೆರೆ, ಸಖರಾಯಪಟ್ಟಣದ ಅಯ್ಯನಕೆರೆ, ವೀರಗಾಸೆಯ ಕುಣಿತ, ತಾಂಡಾಗಳ ಲಂಬಾಣಿ ಹೆಂಗಸರ ಕನ್ನಡಿ ಕಸೂತಿ ಇವೆಲ್ಲ ಗೋಡೆಗಾಗಿಯೇ ಹುಟ್ಟಿದಂಥ ವಸ್ತುಗಳು. ಜಿರಾಫೆಯನ್ನು ಅಳಿಸಬೇಕೆಂದಲ್ಲ; ದೂರದ ಲೋಕದ ಬೆರಗೂ ಮಗುವಿನ ಹಕ್ಕು. ಆದರೆ ಊರಿನ ಕೃಷ್ಣಮೃಗ ಗೋಡೆಯಲ್ಲಿಲ್ಲದೆ ಆಫ್ರಿಕದ ಜಿರಾಫೆ ಮಾತ್ರ ಇದ್ದರೆ, ನೋಡತಕ್ಕದ್ದೆಲ್ಲ ಬೇರೆಲ್ಲೋ ಇದೆ ಎಂಬ ಪಾಠವನ್ನು ಗೋಡೆ ಸದ್ದಿಲ್ಲದೆ ಹೇಳಿಕೊಡುತ್ತದೆ.

ಕಡೂರಿನಿಂದ ಆರೇಳು ಕಿಲೋಮೀಟರಿಗೆ ಬೀರೂರು ಜಂಕ್ಷನ್. ಬೆಂಗಳೂರಿನಿಂದ ಬಂದ ರೈಲು ಹಳಿ ಇಲ್ಲಿ ಕವಲೊಡೆದು ಒಂದು ಅಜ್ಜಂಪುರ, ಚಿಕ್ಕಜಾಜೂರಿನ ಮೇಲೆ ಹುಬ್ಬಳ್ಳಿಗೂ ಇನ್ನೊಂದು ತರೀಕೆರೆ, ಭದ್ರಾವತಿಯ ಮೇಲೆ ಶಿವಮೊಗ್ಗಕ್ಕೂ ಹೋಗುತ್ತದೆ. ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರ ನವೆಂಬರಿನಲ್ಲಿ. ಹಳಿಗಳ ಈ ನಾಡಿನಲ್ಲಿ ರೈಲು ಬೋಗಿಯಂತೆ ಬಣ್ಣ ಬಳಿದ ಶಾಲೆಯ ಚಿತ್ರಕ್ಕೆ ವಿಶೇಷ ಅರ್ಥವಿದೆ. ಕೊಠಡಿಯ ಬಾಗಿಲೇ ಬೋಗಿಯ ಬಾಗಿಲು, ಕಿಟಕಿಯೇ ಕಿಟಕಿ, ಕೊನೆಯ ಕೊಠಡಿ ಎಂಜಿನ್. ರಾಜಸ್ಥಾನದ ಅಲ್ವರಿನ ಒಂದು ಸರ್ಕಾರಿ ಶಾಲೆಯ ಚಿತ್ರ ಹೆಸರಾದ ಮೇಲೆ ದೇಶದ ತುಂಬ ಈ ಬಗೆ ಹಬ್ಬಿತು. ಕರ್ನಾಟಕದಲ್ಲೂ ಹಲವೆಡೆ ಹಳ್ಳಿಯವರು, ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿ ಬಳಿಸಿದರು. ಉದ್ದನೆಯ ಸಾಲುಕೊಠಡಿಯ ಶಾಲೆಗೆ ಇದು ಬಲು ಒಪ್ಪುವ ಉಪಾಯ, ಏಕೆಂದರೆ ಚಿತ್ರ ಕಟ್ಟಡದ ಆಕಾರದಿಂದಲೇ ಹುಟ್ಟುತ್ತದೆ. ತರೀಕೆರೆಯಲ್ಲಿ ಇದಕ್ಕೆ ಇನ್ನೂ ಒಂದು ಎಳೆ ಸೇರಿಸಬಹುದು. ಕಳೆದ ಶತಮಾನದ ಮೊದಲ ಭಾಗದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ಹಳಿಯ ಮೇಲೆ ಪುಟ್ಟ ಟ್ರಾಂ ರೈಲು ಓಡುತ್ತಿತ್ತು. ದೆಹಲಿಯ ರಾಜಧಾನಿ ಎಕ್ಸ್‌ಪ್ರೆಸ್ಸನ್ನು ನೋಡಿ ಬರೆಯುವ ಬದಲು ಆ ಮಲೆನಾಡಿನ ಪುಟಾಣಿ ಬಂಡಿಯನ್ನು ಬರೆದರೆ ಚಿತ್ರದೊಂದಿಗೆ ಊರಿನ ಚರಿತ್ರೆಯೂ ಹಳಿಗೆ ಬರುತ್ತದೆ.

ಈ ಚಿತ್ರಗಳನ್ನು ಬರೆಯುವ ಕೈಗಳಲ್ಲಿ ಹೆಚ್ಚಿನವು ಬೋರ್ಡ್ ಬರೆಯುತ್ತಿದ್ದ ಕೈಗಳು. ಅಡಿಕೆ ಮಂಡಿ, ಬಟ್ಟೆ ಅಂಗಡಿ, ಲಾರಿಯ ಹಿಂಬದಿ, ಜಾತ್ರೆಯ ಬ್ಯಾನರು, ನಾಟಕದ ಪರದೆ ಇವನ್ನೆಲ್ಲ ಕೈಯಿಂದ ಬರೆಯುತ್ತಿದ್ದ ಕಲಾವಿದರು ಒಂದು ಕಾಲಕ್ಕೆ ಪ್ರತಿ ಪೇಟೆಯಲ್ಲೂ ಇದ್ದರು. ಫ್ಲೆಕ್ಸ್ ಬಂದು ಅವರ ಕೆಲಸ ಕಿತ್ತುಕೊಂಡಿತು. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿದರೂ ಹೋದ ಕೆಲಸ ಪೂರ್ತಿ ಮರಳಲಿಲ್ಲ. ಹಾಗೆ ಖಾಲಿ ಕುಳಿತ ಎಷ್ಟೋ ಕೈಗಳಿಗೆ ಶಾಲೆ, ಅಂಗನವಾಡಿಗಳ ಗೋಡೆ ಕೆಲಸ ಕೊಟ್ಟಿತು. ಶಾಲಾಭಿವೃದ್ಧಿ ಸಮಿತಿ, ಗ್ರಾಮ ಪಂಚಾಯಿತಿ, ದಾನಿಗಳು, ಕಂಪನಿಗಳ ಸಾಮಾಜಿಕ ಹೊಣೆಯ ನಿಧಿ ಇವು ಆ ಕೆಲಸಕ್ಕೆ ಹಣದ ಮೂಲಗಳು. ಅಕ್ಷರದಲ್ಲಿ ಈ ಕಲಾವಿದರ ಕೈ ಅಸಾಧ್ಯ ಗಟ್ಟಿ. ಕನ್ನಡ ಅಕ್ಷರದ ದುಂಡು, ಒತ್ತಿನ ಜಾಗ, ತಲೆಕಟ್ಟಿನ ಅಳತೆ ಅವರಿಗೆ ಕರತಲಾಮಲಕ. ಆದರೆ ಶಾಲೆಯವರು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ ಹೀಗೇ ಬರೆದುಕೊಡಿ ಎಂದಾಗ ಆ ಕೈಗೆ ತನ್ನದೇನನ್ನೂ ಸೇರಿಸುವ ಅವಕಾಶ ಇರುವುದಿಲ್ಲ. ಇದರಲ್ಲಿ ತಪ್ಪು ಕಲಾವಿದರದಲ್ಲ. ಅಳತೆಗೆ ಇಷ್ಟೆಂದು ಕೂಲಿ ಕೊಟ್ಟು, ಎರಡು ದಿನದಲ್ಲಿ ಮುಗಿಸಿ ಎನ್ನುವ ಕಡೆ ಕಲೆಗೆ ಪುರುಸೊತ್ತೆಲ್ಲಿ? ಚಿತ್ರ ಯೋಚಿಸುವುದಕ್ಕೂ ಸಂಬಳ ಕೊಡಬೇಕೆಂಬುದು ಬರೆಸುವವರು ಒಪ್ಪಬೇಕಾದ ಮೊದಲ ಮಾತು.

ಮನೆಗಳ ಸ್ಥಿತಿಯೂ ಅದೇ. ಅಡಿಕೆಗೆ ಬೆಲೆ ಬಂದ ವರ್ಷಗಳಲ್ಲಿ ಎದ್ದ ಹೊಸ ಮನೆಗಳಲ್ಲಿ ಮಗುವಿಗೊಂದು ಕೋಣೆ ಬಂದಿದೆ. ಆ ಕೋಣೆಯ ಗೋಡೆಯಲ್ಲಿ ಟೀವಿಯ ಕಾರ್ಟೂನು ಅಂಟಿಕೊಂಡಿದೆ. ಮಗು ಕಾರ್ಟೂನನ್ನು ಎರಡು ವರ್ಷದಲ್ಲಿ ಮೀರಿ ಬೆಳೆಯುತ್ತದೆ, ಗೋಡೆ ಬೆಳೆಯುವುದಿಲ್ಲ. ಮನೆಯ ಕೋಣೆಗೆ ಮರ, ಕೆರೆ, ಬೆಟ್ಟದ ಸಾಲು, ತೋಟದ ಹಕ್ಕಿಗಳಂಥ ವಯಸ್ಸಿಲ್ಲದ ಚಿತ್ರವೇ ಲೇಸು. ಮಗುವಿನ ಎತ್ತರವನ್ನು ವರ್ಷವರ್ಷ ಗುರುತು ಹಾಕಲು ಒಂದು ತೆಂಗಿನ ಮರವನ್ನೋ ಅಡಿಕೆ ಮರವನ್ನೋ ಬರೆದರೆ ಚಿತ್ರವೂ ಮಗುವಿನೊಂದಿಗೆ ಬೆಳೆಯುತ್ತದೆ.

ತರೀಕೆರೆಗೆ ಬಂದರೆ ಗೋಡೆಯ ಶತ್ರು ಬದಲಾಗುತ್ತದೆ. ಇಲ್ಲಿಂದ ಪಡುವಣಕ್ಕೆ ಹೋದಂತೆ ಮಳೆ ಹೆಚ್ಚು. ಲಿಂಗದಹಳ್ಳಿ, ಲಕ್ಕವಳ್ಳಿಯ ಕಡೆ ಮಳೆಗಾಲದ ಗೋಡೆ ತಿಂಗಳುಗಟ್ಟಲೆ ತೇವದಲ್ಲಿರುತ್ತದೆ. ತೇವ ನೆಲದಿಂದ ಮೇಲೇರುವಾಗ ಗಾರೆಯಲ್ಲಿನ ಲವಣವನ್ನು ಕರಗಿಸಿ ತರುತ್ತದೆ. ನೀರು ಆರಿದ ಮೇಲೆ ಆ ಉಪ್ಪು ಬಿಳಿಯ ಹೂವಿನಂತೆ ಮೇಲೆದ್ದು ಬಣ್ಣವನ್ನು ತಳ್ಳುತ್ತದೆ. ಇಂಥ ಗೋಡೆಗೆ ಆಯಿಲ್ ಪೇಂಟ್ ಬಳಿಯುವುದು ದೊಡ್ಡ ತಪ್ಪು. ಅದರ ಪೊರೆ ಗೋಡೆಯ ಉಸಿರು ಕಟ್ಟುತ್ತದೆ, ಒಳಗಿನ ನೀರು ಹೊರಬರಲು ಜಾಗವಿಲ್ಲದೆ ಬಣ್ಣ ಗುಳ್ಳೆಯೆದ್ದು ಸುಲಿಯುತ್ತದೆ. ತೊಳೆಯಲು ಸುಲಭ ಎಂಬ ಕಾರಣಕ್ಕೆ ಶಾಲೆಯವರು ಆಯಿಲ್ ಪೇಂಟನ್ನೇ ಕೇಳುತ್ತಾರೆ; ಒಣ ಕಡೂರಿನಲ್ಲಿ ಅದು ಬಾಳಬಹುದು, ಭದ್ರೆಯ ಕಡೆ ಬಾಳುವುದಿಲ್ಲ. ಹೊರಗೋಡೆಗೆ ತಕ್ಕ ಎಮಲ್ಷನ್ ಈ ಭಾಗಕ್ಕೆ ಒಳ್ಳೆಯದು. ಅದಕ್ಕಿಂತ ಮುಖ್ಯವಾದದ್ದು ಸೋರುವ ಚಾವಣಿ, ಗೋಡೆಗೆ ನೀರು ಚೆಲ್ಲುವ ಕೊಳವೆ, ಬುಡದಲ್ಲಿ ನಿಲ್ಲುವ ನೀರು ಇವನ್ನು ಮೊದಲು ಸರಿಪಡಿಸುವುದು. ಹೊಸ ಸಿಮೆಂಟ್ ಗಾರೆಗೆ ನಾಲ್ಕು ವಾರವಾದರೂ ಆರಲು ಬಿಡಬೇಕು. ಸಿಮೆಂಟಿನ ಕ್ಷಾರ ಹಸಿಯಿದ್ದಾಗ ಬಣ್ಣವನ್ನು ತಿನ್ನುತ್ತದೆ.

ಕೆಲಸದ ಕ್ರಮ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಹಳೆಯ ಬಣ್ಣದ ಸಡಿಲು ಪದರಗಳನ್ನು ಕೆರೆದು, ಬಿರುಕಿಗೆ ಪುಟ್ಟಿ ತುಂಬಿ, ಉಜ್ಜಿ ನಯಮಾಡಿ ಪ್ರೈಮರ್ ಹೊಡೆಯುತ್ತಾರೆ. ಕಾಗದದ ಮೇಲಿನ ಸಣ್ಣ ಚಿತ್ರಕ್ಕೆ ಚೌಕಳಿ ಹಾಕಿ, ಗೋಡೆಯ ಮೇಲೆ ಅದೇ ಚೌಕಳಿಯನ್ನು ಹಿಗ್ಗಿಸಿ, ಬಣ್ಣದ ಪುಡಿ ಸವರಿದ ದಾರವನ್ನು ಬಿಗಿದು ಮೀಟಿ ಗೆರೆ ಮೂಡಿಸುತ್ತಾರೆ. ಮತ್ತೆ ಮತ್ತೆ ಬರುವ ಬಳ್ಳಿ, ಹೂವು, ಅಂಚುಗಳಿಗೆ ಕಾಗದದಲ್ಲಿ ಸಾಲಾಗಿ ತೂತು ಹಾಕಿ ಮೇಲೆ ಇದ್ದಿಲ ಪುಡಿಯ ಗಂಟನ್ನು ತಟ್ಟುವುದು ಬಹು ಹಳೆಯ ಜಾಣ್ಮೆ. ಹಿನ್ನೆಲೆಯ ಬಣ್ಣ ಮೊದಲು, ಮೇಲಿನಿಂದ ಕೆಳಕ್ಕೆ, ಆಮೇಲೆ ದೊಡ್ಡ ಆಕಾರಗಳು, ಆಮೇಲೆ ಶೇಡು, ಔಟ್‌ಲೈನು, ಅಕ್ಷರ ಕೊನೆಗೆ. ಕಾಲದ ಲೆಕ್ಕವೂ ಮುಖ್ಯ. ದೀಪಾವಳಿಯ ನಂತರ ಯುಗಾದಿಯವರೆಗಿನ ಒಣ ದಿನಗಳು ಇದಕ್ಕೆ ಉತ್ತಮ. ಶಾಲೆಗಳು ಮಾತ್ರ ಬೇಸಿಗೆ ರಜೆಯ ಕೊನೆಯಲ್ಲಿ, ಪ್ರಾರಂಭೋತ್ಸವಕ್ಕೆ ಮುನ್ನ ಅವಸರದಲ್ಲಿ ಬಳಿಸುತ್ತವೆ. ಆ ಹೊತ್ತಿಗೆ ಮುಂಗಾರಿನ ಮುಂಚಿನ ಮಳೆ ಶುರುವಾಗಿರುತ್ತದೆ.

ಗೋಡೆಯ ಮೇಲೆ ಕತೆ ಹೇಳುವ ಕಲೆಯ ದೊಡ್ಡ ಶಾಲೆಯೊಂದು ತರೀಕೆರೆ ತಾಲ್ಲೂಕಿನಲ್ಲೇ ಇದೆ. ಅದು ಅಮೃತಾಪುರದ ಅಮೃತೇಶ್ವರ ದೇವಾಲಯ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಇದನ್ನು ಕಟ್ಟಿಸಿದ. ಮುಂದೆ ಹೆಸರಾದ ರೂವಾರಿ ಮಲ್ಲಿತಮ್ಮ ಕೈ ಪಳಗಿಸಿಕೊಂಡದ್ದು ಇಲ್ಲಿನ ಭುವನೇಶ್ವರಿಗಳ, ಅಂದರೆ ಗುಮ್ಮಟದಂಥ ಒಳಚಾವಣಿಗಳ, ಕೆಲಸದಲ್ಲಿ. ಇಲ್ಲಿನ ಶಾಸನದಲ್ಲಿ ಕವಿ ಜನ್ನನ ಪದ್ಯಗಳಿವೆ. ದೇವಾಲಯದ ಹೊರ ಆವರಣದ ಗೋಡೆಯ ಮೇಲೆ ಸಮ ಅಂತರದಲ್ಲಿ ದುಂಡನೆಯ ಕೆತ್ತನೆಗಳ ಸಾಲು. ಕಲ್ಲಿನ ಕಾಂಪೌಂಡಿಗೆ ಮಾಡಿದ ಅಲಂಕಾರ. ತೆರೆದ ಮಂಟಪದ ಕೈಪಿಡಿಗೋಡೆಯಲ್ಲಿ 140 ಫಲಕಗಳಿವೆ. ದಕ್ಷಿಣದ 70 ಫಲಕಗಳಲ್ಲಿ ರಾಮಾಯಣ. ಉತ್ತರದಲ್ಲಿ ಕೃಷ್ಣನ ಕತೆಗೆ 25, ಮಹಾಭಾರತಕ್ಕೆ 45. ರಾಮಾಯಣ ಅಪ್ರದಕ್ಷಿಣವಾಗಿ, ಉಳಿದ ಕತೆಗಳು ಪ್ರದಕ್ಷಿಣವಾಗಿ ಸಾಗುತ್ತವೆ. ಬೇರೆ ಹೊಯ್ಸಳ ಗುಡಿಗಳ ಕಿರುಚಿತ್ರಗಳಿಗೆ ಹೋಲಿಸಿದರೆ ಈ ಫಲಕಗಳು ದೊಡ್ಡವು.

ಶಾಲೆಯ ಗೋಡೆ ಬರೆಯುವವರಿಗೆ ಇಲ್ಲಿ ಕಲಿಯಲು ಬೇಕಾದಷ್ಟಿದೆ. ಒಂದು ಫಲಕದಲ್ಲಿ ಒಂದೇ ಸಂಗತಿ ನಡೆಯುತ್ತದೆ. ಕೆಲವೇ ಆಕೃತಿಗಳು, ಎದ್ದು ಕಾಣುವ ಚಲನೆ, ಹಿನ್ನೆಲೆಯಲ್ಲಿ ಗೊಂದಲವಿಲ್ಲ. ಓದಲು ಬಾರದವನೂ ನಡೆಯುತ್ತ ನಡೆಯುತ್ತ ಕತೆಯನ್ನು ಹಿಡಿಯಬಹುದು. ನೋಡುವವನ ಕಾಲನಡಿಗೆಯೇ ಕತೆಯ ಓಟ. ಇಂದಿನ ಶಾಲಾ ಗೋಡೆಯಲ್ಲಿ ಕಾಣದೆ ಹೋಗಿರುವುದು ಇದೇ. ಒಂದೇ ಗೋಡೆಯಲ್ಲಿ ಗ್ರಹಗಳು, ಹಣ್ಣುಗಳು, ನಾಯಕರು, ಗಾದೆಗಳು, ಮಗ್ಗಿ, ವ್ಯಾಯಾಮ ಎಲ್ಲ ಒತ್ತೊತ್ತಾಗಿ ತುಂಬಿ ಕಣ್ಣಿಗೆ ನಿಲ್ಲಲು ಜಾಗವೇ ಇರುವುದಿಲ್ಲ. ಜಗಲಿಯ ಉದ್ದಕ್ಕೂ ಒಂದೇ ಕತೆಯನ್ನು ಹತ್ತು ಹನ್ನೆರಡು ಚೌಕಗಳಲ್ಲಿ ಬರೆದರೆ, ಮಗು ತರಗತಿಗೆ ಹೋಗುವ ದಾರಿಯಲ್ಲೇ ಅದನ್ನು ಓದಿಕೊಳ್ಳುತ್ತದೆ. ಪುಣ್ಯಕೋಟಿಯ ಕತೆ ಇದೆ, ಪಂಚತಂತ್ರ ಇದೆ. ತರೀಕೆರೆಗಾದರೋ ತನ್ನದೇ ಒಂದು ಇದೆ: ಕೆರೆಯ ಏರಿಯನ್ನೂ ಕುರಿಮರಿಗಳನ್ನೂ ಹೆಣೆದು ಕನ್ನಡ ಮಕ್ಕಳ ನಾಲಿಗೆ ತಿರುಗಿಸುವ ಆ ಮಾತು. ಅದನ್ನು ಚಿತ್ರವಾಗಿ ಬರೆದ ಗೋಡೆಯ ಮುಂದೆ ನಿಂತ ಮಗು ನಗದೆ, ಹೇಳದೆ ಮುಂದೆ ಹೋಗಲಾರದು. ಅದೇ ತಾಲ್ಲೂಕಿನ ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಬೇಸಿಗೆಯಲ್ಲಿ ಗೂಡು ಮಾಡುವ ರಿವರ್ ಟರ್ನ್ ಹಕ್ಕಿಗಳೂ ಗೋಡೆಗೆ ಬರಲು ಕಾದಿವೆ.

ಕಲೆ ಶಾಲೆಯ ಗೋಡೆಗೆ ಬಂದರೆ ಏನಾಗಬಹುದು ಎಂಬುದಕ್ಕೆ ಶಾಂತಿನಿಕೇತನ ಸಾಕ್ಷಿ. ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರು ಅಲ್ಲಿನ ಕಟ್ಟಡಗಳನ್ನೇ ಕ್ಯಾನ್ವಾಸು ಮಾಡಿಕೊಂಡರು. ಬಿನೋದ್ ಬಿಹಾರಿ ಮುಖರ್ಜಿ 1946-47ರಲ್ಲಿ ಹಿಂದಿ ಭವನದ ಗೋಡೆಗಳ ಮೇಲೆ ಮಧ್ಯಯುಗದ ಸಂತರನ್ನು ನದಿಯಂತೆ ಹರಿಸಿದರು. ಅಲ್ಲಿ ಗೋಡೆ ಬರೆಯುವುದೇ ವಿದ್ಯಾರ್ಥಿಗಳ ಪಾಠವಾಗಿತ್ತು. ಕರ್ನಾಟಕದ ಪ್ರೌಢಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆ ಇದೆ, ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗಳಿವೆ. ಆ ಶಿಕ್ಷಕರೂ ಆ ಪರೀಕ್ಷೆಗೆ ಕಟ್ಟಿದ ಮಕ್ಕಳೂ ಸೇರಿ ತಮ್ಮ ಶಾಲೆಯ ಒಂದು ಗೋಡೆಯನ್ನು ವರ್ಷಕ್ಕೊಮ್ಮೆ ಬರೆದರೆ ಅದಕ್ಕಿಂತ ಒಳ್ಳೆಯ ಪಾಠ ಯಾವುದಿದೆ?

ಬೀರೂರಿನಿಂದ ಹುಬ್ಬಳ್ಳಿಯ ಹಳಿ ಹಿಡಿದರೆ ಅಜ್ಜಂಪುರ. ತರೀಕೆರೆ ತಾಲ್ಲೂಕಿನಿಂದ ಬೇರೆಯಾಗಿ ಇದು ಸ್ವತಂತ್ರ ತಾಲ್ಲೂಕಾದದ್ದು ಇತ್ತೀಚೆಗೆ. ಆದ್ದರಿಂದ ಹಿಂದೆ ಬರೆದ ಜಿಲ್ಲೆಯ ನಕ್ಷೆಗಳಲ್ಲಿ ಅಜ್ಜಂಪುರದ ಗಡಿಯೇ ಇರುವುದಿಲ್ಲ. 2021ರಲ್ಲಿ ವಿಜಯನಗರ ಹುಟ್ಟಿ ರಾಜ್ಯದ ಜಿಲ್ಲೆಗಳು 31 ಆದವು. 30 ಜಿಲ್ಲೆಗಳ ಬಣ್ಣದ ನಕ್ಷೆಗಳು ಹಳೆಯದಾದವು. 2014ರ ತೆಲಂಗಾಣ, 2019ರ ಲಡಾಖ್ ಇಲ್ಲದ ಭಾರತದ ನಕ್ಷೆಗಳೂ ಹಾಗೆಯೇ. ಗಡಿ ಬದಲಾಗುವ ನಕ್ಷೆಯನ್ನು ಕಾಗದದಲ್ಲಿ ತೂಗುಹಾಕಿ, ಬೆಟ್ಟ, ಹೊಳೆ, ಕೆರೆಗಳ ನಕ್ಷೆಯನ್ನು ಗೋಡೆಗೆ ಬರೆಯುವುದು ಜಾಣತನ. ವೇದಾವತಿ ಎಲ್ಲಿ ಹುಟ್ಟುತ್ತದೆ, ಭದ್ರೆ ಯಾವ ಕಡೆ ಹರಿಯುತ್ತದೆ ಎಂಬುದನ್ನು ಯಾವ ಗೆಜೆಟ್ಟೂ ಬದಲಿಸುವುದಿಲ್ಲ.

ಅಜ್ಜಂಪುರದ ಗೋಡೆಗೆ ಬರಬೇಕಾದ ಮೊದಲ ಚಿತ್ರ ಅಮೃತಮಹಲ್ ಹಸುವಿನದು. ಮೈಸೂರಿನ ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಲ್ಲಿ ಬೆಳೆದ ಈ ತಳಿಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ್. ಫಿರಂಗಿ ಎಳೆಯುವ ಎತ್ತುಗಳಾಗಿ ಇವು ಯುದ್ಧಭೂಮಿಯಲ್ಲಿ ಹೆಸರು ಮಾಡಿದವು. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ, ಸುತ್ತಲ ತಾಲ್ಲೂಕುಗಳಲ್ಲಿ ಅದರ ಕಾವಲುಗಳಿವೆ. ಬೂದು ಮೈ, ಬುಡದಲ್ಲಿ ಹತ್ತಿರವಿದ್ದು ಹಿಂದಕ್ಕೆ ಬಾಗಿ ಮೇಲೇರಿ ಸೂಜಿಯಂತೆ ಮೊನೆಯಾಗುವ ಉದ್ದ ಕೊಂಬುಗಳು. ಈ ಕೊಂಬಿನ ಗೆರೆಯೊಂದೇ ಸಾಕು, ಗೋಡೆಗೆ ಬೇರೆ ಅಲಂಕಾರ ಬೇಡ. ಹೀಗಿದ್ದೂ ಮಕ್ಕಳ ಗೋಡೆಯಲ್ಲಿ ಹಸುವೆಂದರೆ ಹಾಲಿನ ಪೊಟ್ಟಣದ ಮೇಲಿನ ಕಪ್ಪು ಬಿಳಿ ಮಚ್ಚೆಯ ವಿದೇಶಿ ಹಸುವೇ ಬರುವುದು ಬೇಸರದ ಸಂಗತಿ.

ಎತ್ತರದ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು, ಅದನ್ನು ಎಲ್ಲರೂ ಮರೆಯುತ್ತಾರೆ. ಏಣಿ ಹಾಕಿ ನಿಂತು ಬರೆಯುವವರಿಗೆ ಐದಡಿಯ ಮೇಲಿನ ಜಾಗ ಅನುಕೂಲ. ಅಲ್ಲಿ ಮಕ್ಕಳ ಕೈ ತಾಗಿ ಕೊಳೆಯಾಗುವುದೂ ಇಲ್ಲ. ಆದರೆ ಒಂದನೇ ತರಗತಿಯ ಮಗುವಿನ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿಯಲ್ಲಿದೆ, ಅಂಗನವಾಡಿಯ ಮಗುವಿನದು ಇನ್ನೂ ಕೆಳಗೆ. ಮಗು ಚಾಪೆಯ ಮೇಲೆ ಕುಳಿತರಂತೂ ಎರಡಡಿ. ಆ ಎತ್ತರದಲ್ಲಿ ಸಾಮಾನ್ಯವಾಗಿ ಇರುವುದು ಕೊಳೆ ಕಾಣದಿರಲೆಂದು ಬಳಿದ ಕಡು ಬಣ್ಣದ ಪಟ್ಟಿ ಮಾತ್ರ. ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡದ್ದು ನಲಿ-ಕಲಿ ಎಂಬ ಕಲಿಕೆಯ ಪದ್ಧತಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾಗಿ 2009-10ರಿಂದ ರಾಜ್ಯದ ತುಂಬ ಬಂದ ಈ ಪದ್ಧತಿಯ ತರಗತಿಯಲ್ಲಿ ಗೋಡೆಯ ಕೆಳಭಾಗದಲ್ಲಿ ಮಕ್ಕಳು ತಾವೇ ಬರೆಯುವ ಕರಿಹಲಗೆಯ ಪಟ್ಟಿ ಇದೆ, ತಲೆಯ ಮೇಲೆ ಅವರ ಚಿತ್ರಗಳನ್ನು ತೂಗುಬಿಡುವ ಕಲಿಕಾ ಚಪ್ಪರವಿದೆ. ಹಲಗೆಯ ಪಟ್ಟಿಯಲ್ಲಿ ಪ್ರತಿ ಮಗುವಿಗೂ ತನ್ನದೇ ಆದ ಜಾಗ. ದೊಡ್ಡವರು ಬರೆದ ಎಷ್ಟೇ ಚೆಂದದ ಚಿತ್ರವೂ ಮಗು ಬರೆದು, ಅಳಿಸಿ, ಮತ್ತೆ ಬರೆಯುವ ಆ ಎರಡು ಅಡಿಯ ಕರಿಪಟ್ಟಿಗೆ ಸಮವಲ್ಲ. ಮಕ್ಕಳ ಗೋಡೆಯ ಕೆಳಭಾಗ ಮಕ್ಕಳದೇ ಆಗಬೇಕು. ಚಿತ್ರಗಾರರ ಕೆಲಸ ಅದರ ಮೇಲಿನಿಂದ ಆರಂಭವಾಗಲಿ, ಅಲ್ಲಿಯೂ ಸಾಧ್ಯವಾದಷ್ಟು ಕೆಳಗಿರಲಿ.

ಕೊನೆಯದಾಗಿ ಬಣ್ಣದ ಡಬ್ಬಿಯ ಮಾತು. ಹಳೆಯ ಎನಾಮೆಲ್ ಬಣ್ಣಗಳಲ್ಲಿ, ಅದರಲ್ಲೂ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ, ಸೀಸ ಬೆರೆಸುತ್ತಿದ್ದರು. ಸುಲಿದ ಬಣ್ಣದ ಚೂರು, ಪುಡಿ ಮಗುವಿನ ಕೈಯಿಂದ ಬಾಯಿಗೆ ಹೋದರೆ ಸೀಸ ಮಿದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ. ಆದ ಹಾನಿ ಮರಳಿ ಸರಿಹೋಗುವುದಿಲ್ಲ. ಕೇಂದ್ರ ಸರ್ಕಾರ 2016ರಲ್ಲಿ ನಿಯಮ ತಂದು ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲನ್ನು ಮೀರಬಾರದೆಂದು ವಿಧಿಸಿತು; 2017ರ ನವೆಂಬರ್ 1ರಿಂದ ಅದು ಜಾರಿಯಲ್ಲಿದೆ. ಡಬ್ಬಿಯ ಮೇಲೆ ಸೀಸದ ಪ್ರಮಾಣ ಮುದ್ರಿಸಿರಬೇಕು. ಈ ನಿಯಮಕ್ಕಿಂತ ಹಿಂದೆ ಬಳಿದ ಗೋಡೆ, ಕಿಟಕಿ, ಬಾಗಿಲುಗಳನ್ನು ಕೆರೆಯುವಾಗ ಒಣ ಪುಡಿ ಏಳದಂತೆ ನೀರು ಸಿಂಪಡಿಸಿ ಕೆರೆಯಬೇಕು, ಉದುರಿದ್ದನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಆ ದಿನಗಳಲ್ಲಿ ಮಕ್ಕಳು ಶಾಲೆಯ ಆವರಣದಲ್ಲಿ ಇರಬಾರದು.

ಮುಂದಿನ ಬೇಸಿಗೆಯಲ್ಲಿ ಶಾಲೆಗೋ ಅಂಗನವಾಡಿಗೋ ಬಣ್ಣ ಬಳಿಸಲು ಹೊರಡುವ ಕಡೂರು, ತರೀಕೆರೆ, ಅಜ್ಜಂಪುರದ ಶಿಕ್ಷಕರು, ಸಮಿತಿಯವರು, ದಾನಿಗಳು ಮೊಬೈಲಿನಲ್ಲಿ ಚಿತ್ರ ಹುಡುಕುವ ಮುನ್ನ ಒಮ್ಮೆ ಅಮೃತಾಪುರಕ್ಕೆ ಹೋಗಿ ಬನ್ನಿ. ಚಿತ್ರಗಾರರನ್ನೂ, ನಾಲ್ಕಾರು ಮಕ್ಕಳನ್ನೂ ಜೊತೆಯಲ್ಲಿ ಕರೆದೊಯ್ಯಿರಿ. ಗೋಡೆಯಲ್ಲಿ ಏನಿರಬೇಕೆಂದು ಮಕ್ಕಳನ್ನು ಕೇಳಿ, ಅವರು ಹೇಳಿದ್ದನ್ನು ಬರೆಸಿ.